ಕ್ರೆಡಿಟ್ ಕಾರ್ಡ್ ಬಡ್ಡಿ 3.50ರಿಂದ 3.75ಕ್ಕ ಏರ್ಸ್ಯಾರ, ತಕರಾರು ಮಾಡಬಹುದೇನ್ರಿ?

ಹಿಂಜವಡಿ ಬಿಜಾಪುರದಾಂವ:
ನಮಸ್ಕಾರ್ರಿ. ಪುಣೆ-ಮುಂಬೈ ಕಡೆ ಬ್ಯಾಂಕಿನ ವ್ಯವಹಾರ ಗೊತ್ತಿದ್ದವರು ಯಾರರೆ ಇದ್ರ ಸ್ವಲ್ಪ ಹೇಳ್ರಿ. ಕಾರ್ಡಿನ ಬಡ್ಡಿ ತಿಂಗಳಿಗೆ 3.50% ಇದ್ದದ್ದು 3.75% ಮಾಡ್ಯಾರ. ಇಮೇಲ್ ಬಂದದ್ದು ಆಗಸ್ಟ್ 22ಕ್ಕ, ಹೊಸ ದರ ಸೆಪ್ಟೆಂಬರ್ 10ರಿಂದ ಅಂತ. ನನ್ನ ಬಿಲ್ ಪ್ರತಿ ತಿಂಗಳ 15ಕ್ಕ ತಯಾರಾಗ್ತದ. ಆಗಸ್ಟ್ ಬಿಲ್ ಬಂದ ದಿನಾನ ಮಿನಿಮಮ್ ಕಟ್ಟೀನಿ, ಅದಾದ ಮ್ಯಾಲ ಉಳಿದ ಬಾಕಿ 84,000. ಹೊಸ ಖರೀದಿ ಏನೂ ಇಲ್ಲ. ಮೊನ್ನೆ ಬಂದ ಬಿಲ್‌ನ್ಯಾಗ ಬಡ್ಡಿ 3,210.41 ಹಚ್ಯಾರ, ಜಿಎಸ್‌ಟಿ ಬ್ಯಾರೆ. ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿದ್ರ "ಬ್ಯಾಂಕ್ ಪಾಲಿಸಿ ಸರ್" ಅನ್ನೋದು ಬಿಟ್ಟು ಮತ್ತೇನೂ ಹೇಳವಲ್ರು. ವರ್ಷಕ್ಕ 45% ಅಂದ್ರ ಕಾನೂನಿನ್ಯಾಗ ನಡೀತದೇನು? ಇದನ್ನ ಇಳಿಸಾಕ ದಾರಿ ಐತೇನ್ರಿ?

ಮಡಗಾಂವ್ ಎಕ್ಸ್‌ಪ್ರೆಸ್:
45 ದಿನದ ನೋಟಿಸ್ ಕೊಡಲೇಬೇಕು ಸಾರ್. ಹಳೆಯ ಬಾಕಿಗೆ ಹಳೆಯ ದರವೇ. "ನನಗೆ ಒಪ್ಪಿಗೆ ಇಲ್ಲ" ಅಂತ ಒಂದು ಮೇಲ್ ಹಾಕಿ, ಮುಗೀತು. ಅಲ್ಲದೆ 30%ಗಿಂತ ಹೆಚ್ಚು ಬಡ್ಡಿ ತಗೊಳ್ಳೋ ಹಾಗಿಲ್ಲ ಅಂತ ತೀರ್ಪೇ ಇದೆ.

ಡೊಂಬಿವಲಿ ಶೆಟ್ರು:
ಮೇಲಿನ ಉತ್ತರ ನಂಬಿ ಮೇಲ್ ಹಾಕಿದರೆ ಕೆಲಸ ಕೆಟ್ಟಿತು ಮಾರಾಯ್ರೆ. 45 ದಿನದ ನೋಟಿಸು, ಹಳೆ ಬಾಕಿಗೆ ಹಳೆ ದರ, ಇವೆರಡೂ ಅಮೆರಿಕದ 2009ರ ಕಾಯ್ದೆಯ ಮಾತು. ಯೂಟ್ಯೂಬಿನಲ್ಲಿ ನೋಡಿದ್ದಿರಬೇಕು. 30%ದ ತೀರ್ಪು ಒಂದು ಕಾಲಕ್ಕೆ ಇದ್ದದ್ದು ಹೌದು, ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕೊಟ್ಟದ್ದು. ಅದನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ರದ್ದು ಮಾಡಿ ಆಯಿತು. ಕಾರ್ಡ್ ಬಡ್ಡಿ ಇಷ್ಟೇ ಇರಬೇಕು ಎಂದು ಆರ್‌ಬಿಐ ಮಿತಿ ಹಾಕಿಲ್ಲ. ಬಡ್ಡಿ ವಿಪರೀತ ಎಂಬ ಒಂದೇ ಕಾರಣಕ್ಕೆ ಬ್ಯಾಂಕಿನ ಲೆಕ್ಕವನ್ನು ಕೋರ್ಟು ಮತ್ತೆ ತೆರೆಯುವಂತಿಲ್ಲ ಎಂದು ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 21ಎ ಕಲಮೇ ಹೇಳುತ್ತದೆ. ಹಾಗಾಗಿ "45% ಅನ್ಯಾಯ" ಎಂದು ಬರೆದ ದೂರು ಎಲ್ಲಿ ಕೊಟ್ಟರೂ ಒಂದೇ ಸಾಲಿನ ಉತ್ತರದಲ್ಲಿ ವಾಪಸ್ ಬರುತ್ತದೆ.

ಆದರೆ ನಿಮ್ಮ ಕೇಸಿನಲ್ಲಿ ಹಿಡಿಯುವುದಕ್ಕೆ ಬೇರೆ ಗಟ್ಟಿ ವಿಷಯ ಉಂಟು. ಅದು ತಾರೀಕು.

ಆರ್‌ಬಿಐಯ ಕಾರ್ಡ್ ನಿರ್ದೇಶನದಲ್ಲಿ ಷರತ್ತು ಬದಲಾಯಿಸುವ ಬಗ್ಗೆ ಸ್ಪಷ್ಟ ನಿಯಮ ಉಂಟು: 30 ದಿನದ ನೋಟಿಸ್ ಕೊಡಬೇಕು, ಲಭ್ಯವಿರುವ ಎಲ್ಲ ಮಾರ್ಗಗಳಲ್ಲೂ ತಿಳಿಸಬೇಕು. ಆ 30 ದಿನದೊಳಗೆ ಗ್ರಾಹಕ ಬೇಡ ಎಂದು ಕಾರ್ಡ್ ಬಿಡಬಹುದು, ಬಿಡದಿದ್ದರೆ ಒಪ್ಪಿದ ಹಾಗೆ. ಶುಲ್ಕ ಬದಲಾವಣೆಗೆ ಬೇರೆಯೇ ಒಂದು ನಿಯಮ ಉಂಟು. ಅದನ್ನು ಹಿಡಿದುಕೊಂಡು ಹೋದರೆ "ಬಡ್ಡಿ ಶುಲ್ಕ ಅಲ್ಲ" ಎಂಬ ಜಾಣ ಉತ್ತರ ಬರಬಹುದು, ಅದಕ್ಕೇ ಷರತ್ತು ಬದಲಾವಣೆಯ ನಿಯಮವನ್ನೇ ಹಿಡಿಯಿರಿ.

ಈಗ ಲೆಕ್ಕ. ಬಡ್ಡಿ ದಿನದ ಮೇಲೆ: ಬಾಕಿ × ತಿಂಗಳ ದರ × 12 × ದಿನ ÷ 365. ಆಗಸ್ಟ್ 16ರಿಂದ ಸೆಪ್ಟೆಂಬರ್ 15, ಒಟ್ಟು 31 ದಿನ. ನಿಮಗೆ ಹಚ್ಚಿದ 3,210.41 ಎಲ್ಲಿಂದ ಬಂತು ಅಂದರೆ, 84,000ಕ್ಕೆ 45%ರಂತೆ ಪೂರಾ 31 ದಿನ. ಅಂದರೆ ಬ್ಯಾಂಕು ತಾನೇ ಹೇಳಿದ ಸೆಪ್ಟೆಂಬರ್ 10ನ್ನೂ ಪಾಲಿಸಿಲ್ಲ, ಆಗಸ್ಟ್ 16ರಿಂದಲೇ ಹೊಸ ದರ ಓಡಿಸಿದೆ. ಬಿಲ್ ತಯಾರಾಗುವ ದಿನ ಸಿಸ್ಟಮ್‌ನಲ್ಲಿ ಯಾವ ದರ ಇರುತ್ತದೋ ಅದನ್ನೇ ಇಡೀ ಬಿಲ್ಲಿಗೆ ಎಳೆದರೆ ಹೀಗಾಗುತ್ತದೆ.

ಅವರ ತಾರೀಕನ್ನೇ ಒಪ್ಪಿದರೂ ಸೆಪ್ಟೆಂಬರ್ 9ರವರೆಗಿನ 25 ದಿನ 42%ರಲ್ಲಿ 2,416.44, ಮುಂದಿನ 6 ದಿನ 45%ರಲ್ಲಿ 621.37, ಒಟ್ಟು 3,037.81. ಹೆಚ್ಚು ಹಾಕಿದ್ದು 172.60, ಜಿಎಸ್‌ಟಿ 18% ಸೇರಿ 203.67. ಇದು ಬರೀ ಲೆಕ್ಕದ ತಪ್ಪು, ಇದರಲ್ಲಿ ವಾದಕ್ಕೇ ಜಾಗ ಇಲ್ಲ.

30 ದಿನದ ನಿಯಮ ಹಿಡಿದರೆ ಆಗಸ್ಟ್ 22ಕ್ಕೆ 30 ಸೇರಿಸಿ ಸೆಪ್ಟೆಂಬರ್ 21. ಅದಕ್ಕೂ ಮೊದಲು ಹೊಸ ದರ ಬರುವಂತಿಲ್ಲ. ಆಗ ಈ ಬಿಲ್ ಪೂರ್ತಿ ಹಳೆ ದರದಲ್ಲಿ 2,996.38 ಆಗಬೇಕು. ಹೆಚ್ಚು ಹಾಕಿದ್ದು 214.03, ಜಿಎಸ್‌ಟಿ ಸೇರಿ 252.56. ಮುಂದಿನ ಬಿಲ್‌ನಲ್ಲೂ 16ರಿಂದ 20ರವರೆಗಿನ 5 ದಿನ ಹಳೆ ದರವೇ ಬರಬೇಕು, ನೋಡಿಕೊಳ್ಳಿ.

ಮೊತ್ತ ಸಣ್ಣದು ಹೌದು. ಕಾರ್ಡ್ ದರದ ತಕರಾರಿನಲ್ಲಿ ಗೆದ್ದರೂ ಸಿಗುವುದು ಇಷ್ಟೇ, ಏರಿಕೆ ರದ್ದಾಗುವುದಿಲ್ಲ.

ಒಂದು ಎಚ್ಚರಿಕೆ. ದೂರು ಬರೆಯುವ ಮೊದಲು ಜುಲೈ, ಆಗಸ್ಟ್ ಬಿಲ್‌ಗಳ ಕೊನೆಯ ಪುಟದ ಸಣ್ಣ ಅಕ್ಷರ ಓದಿ. ಜುಲೈ ಬಿಲ್‌ನಲ್ಲೇ "ದರ ಪರಿಷ್ಕರಣೆ" ಎಂಬ ಒಂದು ಸಾಲು ಇದ್ದರೆ 30 ದಿನದ ವಾದ ಸಡಿಲವಾಗುತ್ತದೆ, 203.67ರ ವಾದ ಮಾತ್ರ ಉಳಿಯುತ್ತದೆ. ಮೇಲ್‌ನ ಪ್ರೊಮೋಷನ್ಸ್ ಟ್ಯಾಬ್, ಸ್ಪ್ಯಾಮ್, ಎಸ್ಸೆಮ್ಮೆಸ್ ಎಲ್ಲ ಹುಡುಕಿ. ನೋಟಿಸ್ ಬಂದೇ ಇಲ್ಲ ಎಂದು ಬರೆದ ಮೇಲೆ ಬ್ಯಾಂಕು ಡೆಲಿವರಿ ದಾಖಲೆ ತೋರಿಸಿದರೆ ಉಳಿದ ಮಾತಿಗೂ ಬೆಲೆ ಇರುವುದಿಲ್ಲ.

ಹಿಂಜವಡಿ ಬಿಜಾಪುರದಾಂವ:
ಶೆಟ್ರ, ಭಾಳ ಉಪಕಾರ ಆತ್ರಿ. ಜುಲೈ ಬಿಲ್ ನೋಡಿದೆ, ಏನೂ ಇಲ್ಲ. ಎಸ್ಸೆಮ್ಮೆಸ್ಸೂ ಇಲ್ಲ, ಆ ಒಂದ ಇಮೇಲ್ ಅಷ್ಟ. ದೂರು ಹೆಂಗ್ ಬರೀಬೇಕ್ರಿ? ಮುಂಬೈಗೆ ಹೋಗಿ ಫೋರ್ಟ್‌ನ್ಯಾಗಿನ ಆರ್‌ಬಿಐ ಆಫೀಸಿನ್ಯಾಗ ಕೊಟ್ರ ಲಗೂನ ಆಗ್ತದೇನು?

ಠಾಣೆ ಲೆಕ್ಕಿಗ:
ಫೋರ್ಟ್‌ಗೆ ಹೋಗೋ ಲೋಕಲ್ ಟಿಕೆಟ್ ಉಳಿಸಿ. ಒಂಬುಡ್ಸ್‌ಮನ್ (ಬ್ಯಾಂಕಿನ ಮೇಲಿನ ದೂರು ವಿಚಾರಿಸೋ ಆರ್‌ಬಿಐ ಅಧಿಕಾರಿ) ಹತ್ತಿರ ಹೋಗೋ ದೂರುಗಳನ್ನು ಮೊದಲು ನೋಡೋದು ಚಂಡೀಗಢದ ಕೇಂದ್ರ, ಎಲ್ಲ ಆನ್‌ಲೈನ್. ಅದಕ್ಕೂ ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಟ್ಟು 30 ದಿನ ಕಾಯಬೇಕು. ಫೋನ್‌ನಲ್ಲಿ ಹೇಳಿದ್ದನ್ನು ದೂರು ಅಂತ ನಂಬಿಕೊಂಡು ಕೂರಬೇಡಿ. ಬ್ಯಾಂಕಿನ ವೆಬ್‌ಸೈಟಿನಲ್ಲಿ ಕ್ರೆಡಿಟ್ ಕಾರ್ಡ್ ದೂರು ವಿಭಾಗದ ಮೇಲ್ ವಿಳಾಸ ಇರುತ್ತೆ, ಅದಕ್ಕೆ ಕಳಿಸಿ ದೂರು ಸಂಖ್ಯೆ ತಗೊಳ್ಳಿ. ಸೆಪ್ಟೆಂಬರ್ 21ರ ಒಳಗೇ ಹೋಗಲಿ, ಇಲ್ಲದಿದ್ದರೆ ಸುಮ್ಮನಿದ್ದು ಒಪ್ಪಿದಿರಿ ಅಂತ ಆಗುತ್ತೆ.

ಮೇಲ್ ಚಿಕ್ಕದಾಗಿರಲಿ, ರೋಷ ಬೇಡ. ಹೆಚ್ಚುಕಡಿಮೆ ಹೀಗೆ:

"ಕೊನೆಯ ನಾಲ್ಕು ಅಂಕಿ ಇಂಥದ್ದಿರುವ ನನ್ನ ಕಾರ್ಡಿನ ಬಡ್ಡಿ ದರ ಏರಿಕೆಯ ನೋಟಿಸ್ ಆಗಸ್ಟ್ 22ರಂದು ಇಮೇಲ್‌ನಲ್ಲಿ ಮಾತ್ರ ಬಂದಿದೆ, ಜಾರಿ ದಿನಾಂಕ ಸೆಪ್ಟೆಂಬರ್ 10. ಷರತ್ತು ಬದಲಾವಣೆಗೆ ಆರ್‌ಬಿಐ ನಿರ್ದೇಶನದಂತೆ ಬೇಕಾದ 30 ದಿನ ಸಿಕ್ಕಿಲ್ಲ. ಜೊತೆಗೆ ಸೆಪ್ಟೆಂಬರ್ 15ರ ಬಿಲ್‌ನಲ್ಲಿ ಹೊಸ ದರವನ್ನು ಆಗಸ್ಟ್ 16ರಿಂದಲೇ ಹಾಕಲಾಗಿದೆ. ದಿನವಾರು ಬಡ್ಡಿ ಲೆಕ್ಕ ಮತ್ತು ನೋಟಿಸ್ ಕಳಿಸಿದ ದಾಖಲೆ ಕೊಡಿ. ಹೆಚ್ಚುವರಿ ಬಡ್ಡಿ 214.03 ಮತ್ತು ಅದರ ಜಿಎಸ್‌ಟಿ 38.53 ಹಿಂದಿರುಗಿಸಿ. ದೂರನ್ನು ಪೂರ್ತಿ ಅಥವಾ ಭಾಗಶಃ ತಿರಸ್ಕರಿಸುವುದಾದರೆ ಆಂತರಿಕ ಒಂಬುಡ್ಸ್‌ಮನ್ ಪರಿಶೀಲನೆಯ ನಂತರವೇ ಉತ್ತರ ಕೊಡಿ."

ಇದನ್ನು ಇಂಗ್ಲಿಷಿಗೆ ಹಾಕಿ ಕಳಿಸಿ. ಕೊನೆಯ ವಾಕ್ಯ ಬಿಡಬೇಡಿ. ತಿರಸ್ಕರಿಸೋ ದೂರನ್ನು ಆಂತರಿಕ ಒಂಬುಡ್ಸ್‌ಮನ್ (ಬ್ಯಾಂಕಿನೊಳಗೇ ಇದ್ದು ದೂರನ್ನು ಮತ್ತೆ ಪರಿಶೀಲಿಸೋ ಅಧಿಕಾರಿ) ಮುಂದೆ ಇಡೋದು ಬ್ಯಾಂಕಿನ ಕರ್ತವ್ಯ. ಗ್ರಾಹಕನಿಗೆ ಅದು ಗೊತ್ತಿದೆ ಅಂತ ತಿಳಿದರೆ ಸಿದ್ಧ ಉತ್ತರದ ಬದಲು ಯಾರಾದರೂ ಫೈಲ್ ತೆಗೆದು ನೋಡುತ್ತಾರೆ. ಬಿಲ್ ತಕರಾರಿಗೆ ದಾಖಲೆ ಸಮೇತ ವಿವರಣೆ ಕೊಡಲು ಅವರಿಗೂ ಗರಿಷ್ಠ 30 ದಿನವೇ ಇರೋದು.

ಉತ್ತರ ಬರಲಿಲ್ಲ ಅಥವಾ ಸರಿಹೋಗಲಿಲ್ಲ ಅಂದರೆ ಸಿಎಂಎಸ್ ಡಾಟ್ ಆರ್‌ಬಿಐ ಡಾಟ್ ಆರ್ಗ್ ಡಾಟ್ ಇನ್ ತೆಗೆದು ಕೂಡಲೇ ಹಾಕಿ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಅಲ್ಲಿ ದೂರುಗಳು ಸಾಯೋದು ಫಾರ್ಮ್ ತುಂಬುವಾಗಲೇ. ಬ್ಯಾಂಕಿಗೆ ಮೊದಲು ಲಿಖಿತ ದೂರು ಕೊಟ್ಟಿದ್ದೀರಾ ಅನ್ನೋದಕ್ಕೆ "ಇಲ್ಲ" ಅಂದರೆ ಅಲ್ಲೇ ಕ್ಲೋಸ್. ವಿವರದಲ್ಲಿ "ಬಡ್ಡಿ ಜಾಸ್ತಿ" ಅಂತ ಬರೆದರೆ ವಾಣಿಜ್ಯ ನಿರ್ಧಾರ ಅಂತ ಕ್ಲೋಸ್. ನೋಟಿಸ್ ಅವಧಿ ಕಡಿಮೆ, ಲೆಕ್ಕ ತಪ್ಪು, ಇವೆರಡನ್ನೇ ಬರೆಯಿರಿ. ಮೇಲ್, ಎರಡೂ ಬಿಲ್, ನಿಮ್ಮ ದೂರು, ಅವರ ಉತ್ತರ ಎಲ್ಲ ಪಿಡಿಎಫ್ ಮಾಡಿ ಹಾಕಿ.

ಸಂಸ್ಥೆಯ ಹೆಸರನ್ನೂ ಸರಿಯಾಗಿ ಆರಿಸಿ. ಎಸ್‌ಬಿಐ ಕಾರ್ಡ್ ಕೊಡೋದು ಸ್ಟೇಟ್ ಬ್ಯಾಂಕ್ ಅಲ್ಲ, ಬೇರೆ ಎನ್‌ಬಿಎಫ್‌ಸಿ (ಬ್ಯಾಂಕ್ ಅಲ್ಲದ ಹಣಕಾಸು) ಕಂಪನಿ. ಶಾಪಿಂಗ್ ಆ್ಯಪ್ ಹೆಸರಿನ ಕಾರ್ಡ್ ಆದರೆ ಹಿಂದಿರೋ ಬ್ಯಾಂಕನ್ನು ಆರಿಸಬೇಕು, ಆ್ಯಪನ್ನಲ್ಲ. ಸಹಾಯಕ್ಕೆ 14448, ಕನ್ನಡದಲ್ಲೂ ಮಾತಾಡುತ್ತಾರೆ.

ವಾಸ್ಕೋ ಕಾರವಾರಿ:
ದೂರು ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಇನ್ನೂರೈವತ್ತು ರೂಪಾಯಿಯ ಹಿಂದೆ ಬಿದ್ದು 84,000ವನ್ನು ಕಾರ್ಡಿನಲ್ಲೇ ಬಿಟ್ಟರೆ ಏನು ಉಪಯೋಗ? 3.75%ರಲ್ಲಿ ತಿಂಗಳಿಗೆ ಬಡ್ಡಿ 3,150, ಅದರ ಮೇಲೆ ಜಿಎಸ್‌ಟಿ 567, ಒಟ್ಟು 3,717. ಮಿನಿಮಮ್ 5% ಹಿಡಿದರೆ ನೀವು ಕಟ್ಟುವುದು 4,200. ಅಸಲಿಗೆ ಹೋದದ್ದು 483 ರೂಪಾಯಿ!

ಅದೇ 84,000ಕ್ಕೆ 15%ರಲ್ಲಿ ಪರ್ಸನಲ್ ಲೋನ್ ಸಿಕ್ಕರೆ 24 ತಿಂಗಳ ಕಂತು ಸುಮಾರು 4,073. ಮಿನಿಮಮ್‌ಗಿಂತ ಕಡಿಮೆ ಕಟ್ಟಿ ಎರಡು ವರ್ಷದಲ್ಲಿ ಸಾಲ ತೀರುತ್ತದೆ, ಲೋನ್ ಬಡ್ಡಿಗೆ ಜಿಎಸ್‌ಟಿಯೂ ಇಲ್ಲ. ಎಫ್‌ಡಿ ಇದ್ದರೆ ಅದರ ಮೇಲಿನ ಸಾಲ ಇನ್ನೂ ಅಗ್ಗ, ಸಾಮಾನ್ಯವಾಗಿ ಎಫ್‌ಡಿ ದರಕ್ಕಿಂತ 1-2% ಹೆಚ್ಚು ಅಷ್ಟೇ. ಮನೆಯಲ್ಲಿ ಚಿನ್ನ ಇದ್ದರೆ ಗೋಲ್ಡ್ ಲೋನ್. ಕಾರ್ಡಿನಲ್ಲೇ ಇಎಂಐ ಮಾಡಿಸಿದರೆ ದರ ಇಳಿಯುತ್ತದೆ, ಆದರೆ ಪ್ರೊಸೆಸಿಂಗ್ ಫೀ ಬೀಳುತ್ತದೆ, ಬಡ್ಡಿಯ ಮೇಲೆ ಜಿಎಸ್‌ಟಿ ಹಾಗೇ ಇರುತ್ತದೆ. ಒಪ್ಪುವ ಮೊದಲು ಒಟ್ಟು ಕಟ್ಟುವ ಮೊತ್ತ ಕೇಳಿ, ತಿಂಗಳ ಕಂತನ್ನಷ್ಟೇ ನೋಡಬೇಡಿ.

ಬಾಕಿ ತೀರುವವರೆಗೆ ಆ ಕಾರ್ಡ್ ಉಜ್ಜಲೇಬೇಡಿ, ಪೆಟ್ರೋಲಿಗೂ. ಹಳೆ ಬಾಕಿ ಇರುವಾಗ ಹೊಸ ಖರೀದಿಗೆ ಬಡ್ಡಿರಹಿತ ದಿನಗಳು ಸಿಗುವುದಿಲ್ಲ, ಖರೀದಿಸಿದ ದಿನದಿಂದಲೇ ಬಡ್ಡಿ.

ಹಿಂಜವಡಿ ಬಿಜಾಪುರದಾಂವ:
ಆ 483ರ ಲೆಕ್ಕ ನೋಡಿ ತಲಿ ತಿರಗ್ತರಿ. ನಾಳಿನ ಲೋನ್ ಕೇಳ್ತೀನಿ. ಎರಡ ಮಾತು ಉಳದಾವ. ದೂರು ಮುಗಿಯೂತನಕ ಬಿಲ್ ಕಟ್ಟೂದು ನಿಲ್ಲಸ್ಲೇನು? ಮತ್ತ ಲೋನ್ ಬಂದ್ ಮ್ಯಾಲ ಕಾರ್ಡ್ ಬಂದ್ ಮಾಡಸಾಕ ರೊಕ್ಕ ತಗೋತಾರೇನು?

ಡೊಂಬಿವಲಿ ಶೆಟ್ರು:
ಕಟ್ಟುವುದನ್ನು ನಿಲ್ಲಿಸಲೇಬೇಡಿ. ತಕರಾರು ಇರುವುದು 252.56ಕ್ಕೆ, ಇಡೀ ಬಿಲ್ಲಿಗೆ ಅಲ್ಲ. ಕನಿಷ್ಠ ಮಿನಿಮಮ್ ಆದರೂ ಸಮಯಕ್ಕೆ ಹೋಗಲಿ. ಗಡುವು ದಾಟಿ 3 ದಿನ ಮೀರಿದರೆ ಲೇಟ್ ಫೀ ಬೀಳುತ್ತದೆ. ಸಿಬಿಲ್‌ಗೆ (ಸಾಲಗಾರರ ಸ್ಕೋರ್ ಇಡುವ ಸಂಸ್ಥೆ) ಸುಸ್ತಿ ಎಂದು ಕಳಿಸುವ ಮೊದಲು 7 ದಿನದ ನೋಟಿಸ್ ಕೊಡಬೇಕೆಂಬ ನಿಯಮ ಉಂಟು, ಆದರೆ ಅಲ್ಲಿಯವರೆಗೆ ಹೋಗುವುದೇ ಬೇಡ. ನೀವು ನಾಳೆ ಕೇಳುವ ಲೋನಿನ ದರ ಆ ಸ್ಕೋರಿನ ಮೇಲೇ ನಿಂತಿದೆ. ಕೆಲವು ಬ್ಯಾಂಕುಗಳು ಪಾವತಿ ತಪ್ಪಿಸಿದವರನ್ನು ಹೆಚ್ಚಿನ ದರದ ಗುಂಪಿಗೂ ಹಾಕುತ್ತವೆ, ಕಾರ್ಡ್ ಜೊತೆ ಕೊಟ್ಟ ಮುಖ್ಯ ಷರತ್ತುಗಳ ಪತ್ರದಲ್ಲಿ ಅದು ಬರೆದಿರುತ್ತದೆ.

ಬಂದ್ ಮಾಡಿಸಲು ಹಣ ಕೊಡಬೇಕಿಲ್ಲ, ಬಾಕಿ ಪೂರ್ತಿ ತೀರಿರಬೇಕು ಅಷ್ಟೇ. ಲಿಖಿತವಾಗಿ ಕೇಳಿದ ಮೇಲೆ 7 ಕೆಲಸದ ದಿನದೊಳಗೆ ಮುಚ್ಚಬೇಕು, ತಡ ಮಾಡಿದರೆ ದಿನಕ್ಕೆ 500 ರೂಪಾಯಿ ನಿಮಗೇ ಕೊಡಬೇಕು. ಒಂದು ರೂಪಾಯಿ ಬಾಕಿ ಇದ್ದರೂ ಆ 500 ಸಿಗುವುದಿಲ್ಲ. ಅದಕ್ಕೇ ಬಾಕಿ ಕಟ್ಟಿದ ಕೂಡಲೇ ಅರ್ಜಿ ಹಾಕಬೇಡಿ. ಕಳೆದ ಬಿಲ್‌ನಿಂದ ಕಟ್ಟಿದ ದಿನದವರೆಗಿನ ಬಡ್ಡಿ ಮುಂದಿನ ಬಿಲ್‌ನಲ್ಲಿ ಬರುತ್ತದೆ, ಅದನ್ನೂ ತೀರಿಸಿ, ಸೊನ್ನೆ ಬಾಕಿಯ ಬಿಲ್ ಕೈಗೆ ಬಂದ ಮೇಲೆ ಹಾಕಿ. ಓಟಿಟಿ, ವಿದ್ಯುತ್ ಬಿಲ್ ಆಟೋಪೇ ಏನಾದರೂ ಆ ಕಾರ್ಡಿಗೆ ಕಟ್ಟಿದ್ದರೆ ಮೊದಲು ತೆಗೆಯಿರಿ. ದೂರಿನ ಹಣ ಕಾರ್ಡ್ ಖಾತೆಗೇ ಜಮಾ ಆಗಬಹುದು, ಮುಚ್ಚುವ ಅರ್ಜಿಯಲ್ಲೇ ಉಳಿದ ಜಮೆಯನ್ನು ಉಳಿತಾಯ ಖಾತೆಗೆ ಹಾಕಿ ಎಂದು ಖಾತೆ ವಿವರ ಕೊಡಿ.

ಠಾಣೆ ಲೆಕ್ಕಿಗ:
ಇನ್ನೊಂದು. ದೂರು ಹಾಕಿದ ಮೇಲೆ "ಕಾರ್ಡ್ ವಿಭಾಗದಿಂದ, ನಿಮ್ಮ ಬಡ್ಡಿ ಇಳಿಸ್ತೀವಿ" ಅಂತ ಫೋನ್ ಬಂದರೆ ಓಟಿಪಿ ಕೊಡಬೇಡಿ, ಲಿಂಕ್ ಒತ್ತಬೇಡಿ. ಹಣ ಹಿಂದಿರುಗಿಸಲು ಯಾವ ಬ್ಯಾಂಕಿಗೂ ನಿಮ್ಮ ಓಟಿಪಿ ಬೇಕಾಗಲ್ಲ. ದೂರು ಸಂಖ್ಯೆ ಹೇಳಿ ಅಂತ ತಿರುಗಿ ಕೇಳಿ, ಹೇಳದೆ ಇದ್ದರೆ ಫೋನ್ ಇಟ್ಟುಬಿಡಿ.