ಇಳಿಜಾರಿನ ಮನೆಗೆ ‘ಮಜಲು’ ಎಂಬ ಪದ ಹೊಂದುತ್ತದೆಯೇ?

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ.

ಕೊಪ್ಪದ ಹತ್ತಿರ ಮನೆ ಕಟ್ಟಿಸುತ್ತಿದ್ದೇವೆ. ಜಾಗ ರಸ್ತೆಯಿಂದ ಹಿಂದಕ್ಕೆ ಇಳಿಜಾರು, 80 ಅಡಿ ಉದ್ದಕ್ಕೆ 11 ಅಡಿ ಇಳಿಯುತ್ತದೆ. ಜೆಸಿಬಿ ತಂದು ಎರಡೇ ದಿನದಲ್ಲಿ ಮಟ್ಟ ಮಾಡಿಬಿಡೋಣ ಅಂತ ಮೊದಲು ಬಂದ ಗುತ್ತಿಗೆದಾರರು ಹೇಳಿದರು. ನಾವು ಒಪ್ಪಲಿಲ್ಲ. ಪಕ್ಕದ ಜಾಗದಲ್ಲಿ ಹಾಗೇ ಮಾಡಿದ್ದರು. ನೆಟ್ಟಗೆ ಕಡಿದ ಧರೆ (ಗುಡ್ಡ ಕಡಿದಲ್ಲಿ ನಿಲ್ಲುವ ಮಣ್ಣಿನ ಗೋಡೆ) ಹೋದ ಮಳೆಗಾಲದಲ್ಲಿ ಜರಿದು ಅವರ ಅಡುಗೆಮನೆ ಗೋಡೆಗೆ ಬಂದು ಒರಗಿದ್ದನ್ನು ಕಣ್ಣಾರೆ ನೋಡಿದ್ದೇವೆ. ಅದಕ್ಕೇ ನೆಲ ಹೇಗೆ ಇಳಿಯುತ್ತದೋ ಮನೆಯನ್ನೂ ಹಾಗೇ ಇಳಿಸುತ್ತಿದ್ದೇವೆ.

ಗುರುತು ಹಾಕಿದ ದಿನ ಮೇಸ್ತ್ರಿ ನೀರು ತುಂಬಿದ ಪ್ಲಾಸ್ಟಿಕ್ ಪೈಪಿನ ಒಂದು ತುದಿಯನ್ನು ಮೇಲಿನ ಮೂಲೆಯಲ್ಲಿ ನೆಲಕ್ಕೆ ತಾಗಿಸಿ ಹಿಡಿದರು, ಇನ್ನೊಂದು ತುದಿ ಹಿಡಿದು ನಾನು 50 ಅಡಿ ಕೆಳಗೆ ನಿಂತೆ. ನೀರು ನಿಂತ ಮಟ್ಟ ನನ್ನ ತಲೆಗಿಂತ ಒಂದಡಿ ಮೇಲಿತ್ತು! ಹತ್ತಿರ ಹತ್ತಿರ 7 ಅಡಿ. ಅದನ್ನು ಎರಡು ಪಾಲು ಮಾಡಿದೆವು. ಜಗಲಿ, ಅಡುಗೆಮನೆ, ಅಮ್ಮನ ಕೋಣೆ ರಸ್ತೆಯ ಮಟ್ಟಕ್ಕೆ, ಯಾಕಂದ್ರೆ ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಆಗುವುದಿಲ್ಲ. ಅಲ್ಲಿಂದ 42 ಇಂಚು ಇಳಿದರೆ, ಅಂದರೆ 6 ಇಂಚಿನ 7 ಮೆಟ್ಟಿಲು, ನಡುಮನೆ. ಇನ್ನೊಂದು 7 ಮೆಟ್ಟಿಲು ಇಳಿದರೆ ನಮ್ಮ ಕೋಣೆಗಳು, ಹಿತ್ತಲು.

ಈ ಒಂದೊಂದು ಮಟ್ಟಕ್ಕೆ ಕನ್ನಡದಲ್ಲಿ ಏನನ್ನೋಣ? ನಕ್ಷೆಯಲ್ಲಿ ‘ಸ್ಪ್ಲಿಟ್ ಲೆವೆಲ್’ ಅಂತ ಇದೆ. ಮೇಸ್ತ್ರಿ ‘ಒಂದನೇ ಲೆವೆಲ್ಲು, ಎರಡನೇ ಲೆವೆಲ್ಲು’ ಅನ್ನುತ್ತಾರೆ. ಮಹಡಿ, ಉಪ್ಪರಿಗೆ, ಅಂತಸ್ತು, ಯಾವುದೂ ಸರಿ ಬರಲ್ಲ. ಅವೆಲ್ಲ ಒಂದರ ತಲೆಯ ಮೇಲೆ ಇನ್ನೊಂದು ಇರುವಂಥವು. ಇಲ್ಲಿ ಕೋಣೆಗಳು ಅಕ್ಕಪಕ್ಕವೇ ಇವೆ, ಆದರೆ ತಗ್ಗಿನಲ್ಲಿ. ನೆಲಮಾಳಿಗೆಯೂ ಅಲ್ಲ, ಕಿಟಕಿ ತೆಗೆದರೆ ಅಂಗಳ ಕಾಣುತ್ತದೆ. ‘ಮೆಟ್ಟಿಲ ಮನೆ’ ಅಂದರೆ ಬರೀ ಮೆಟ್ಟಿಲ ಕಡೆಗೆ ಗಮನ ಹೋಗುತ್ತದೆ.

ಅಮ್ಮನ ತವರು ಪುತ್ತೂರು ಕಡೆ. ಜಾಗ ನೋಡಲು ಬಂದಾಗ ಅಮ್ಮ ಮೂರು ಮಟ್ಟಕ್ಕೂ ದಾರ ಕಟ್ಟಿದ್ದು ನೋಡಿ “ಇದು ನಮ್ಮ ಮಜಲು ಗದ್ದೆ ಹಾಗೇ ಉಂಟಲ್ಲ ಮಗಾ” ಅಂದರು. ಆವತ್ತಿನಿಂದ ಈ ಪದ ನನ್ನ ತಲೆಯಲ್ಲಿ ಕೂತಿದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ತುಳುನಾಡಿನಲ್ಲಿ ಗದ್ದೆಯನ್ನು ಎತ್ತರ ಮತ್ತು ನೀರು ನೋಡಿ ಮೂರು ಬಗೆ ಮಾಡುತ್ತಾರೆ. ತೀರಾ ಕೆಳಗಿನದು ಬೈಲು, ನೀರು ಜಾಸ್ತಿ ದಿನ ನಿಲ್ಲುತ್ತದೆ, ಏಣೇಲು, ಸುಗ್ಗಿ, ಕೊಳಕೆ ಅಂತ ಮೂರು ಬೆಳೆ ತೆಗೆಯಬಹುದು. ನಡುವಿನದು ಮಜಲು, ಎರಡು ಬೆಳೆ. ಮೇಲಿನದು ಬೆಟ್ಟು, ಮಳೆಯನ್ನೇ ನಂಬಿದ ಒಂದು ಬೆಳೆ. ಗುಡ್ಡವನ್ನು ಸವರಿ ಮಟ್ಟ ಮಾಡದೆ, ಇಳಿಜಾರಿನ ಜೊತೆಗೇ ಇಳಿದು ಬದುಕಿದವರ ಮಾತುಗಳು ಇವು. ನಮ್ಮ ಮನೆಯೂ ಮಾಡುತ್ತಿರುವುದು ಅದನ್ನೇ ಅಲ್ವಾ?

ಆದರೆ ಉಳಿದ ಕಡೆ ‘ಮಜಲು’ ಅಂದರೆ ಹಂತ. ‘ಮಾತುಕತೆ ಮುಂದಿನ ಮಜಲಿಗೆ ಹೋಯಿತು’ ಅಂತೀವಲ್ಲ, ಅದು. ಅರಬ್ಬಿಯ ‘ಮಂಜಿಲ್’ ಮರಾಠಿಯಲ್ಲಿ ‘ಮಜಲ್’ ಆಗಿ, ಒಂದು ದಿನದ ದಾರಿ, ತಂಗುವ ಜಾಗ ಅನ್ನೋ ಅರ್ಥ ಬಂತು. ಮರಾಠಿಯಲ್ಲಿ ‘ಮಜಲಾ’ ಅಂದರೆ ಮಹಡಿಯೇ. ಹೀಗಾಗಿ ಬೆಳಗಾವಿಯವರಿಗೆ ನಮ್ಮದು ಮೂರು ಮಹಡಿ ಮನೆ ಅಂತ ಕೇಳಿಸೀತು. ಗದ್ದೆಯ ಮಜಲು, ದಾರಿಯ ಮಜಲು ಎರಡೂ ಬೇರೆ ಬೇರೆ ಪದ ಅಂತ ನನ್ನ ಅನಿಸಿಕೆ. ತುಳು ಬಲ್ಲವರು ಏನಂತೀರಿ?

ಇದರ ಜೊತೆಗೇ ಎರಡು ಚಿಕ್ಕ ಪ್ರಶ್ನೆ. ನಮ್ಮ ಕಡೆ ‘ಧರೆ ಕುಸಿತ’, ಕೊಡಗಿನಲ್ಲಿ ‘ಬರೆ ಕುಸಿತ’. 2018ರ ಆಗಸ್ಟ್‌ನಲ್ಲಿ ಅಲ್ಲಿನ ಸುದ್ದಿಗಳಲ್ಲಿ ‘ಬರೆ’ ಎಷ್ಟು ಸಲ ಓದಿದೆನೋ. ನಮ್ಮೂರ ಹಳಬರು ಅಲ್ಪಪ್ರಾಣದಲ್ಲೇ ‘ದರೆ’ ಅನ್ನುತ್ತಾರೆ. ಭೂಮಿ ಅನ್ನುವ ಸಂಸ್ಕೃತದ ‘ಧರೆ’ ಇರಬೇಕು ಅಂದುಕೊಂಡು ಬರೆಯುವವರು ಮಹಾಪ್ರಾಣ ಸೇರಿಸಿದರೇ? ‘ಬರೆ’ಗೂ, ಬೆಟ್ಟ, ಬೆಟ್ಟದ ಓರೆ ಅನ್ನುವ ತಮಿಳಿನ ‘ವರೈ’ಗೂ ನಂಟಿದೆಯೇ? ತಮಿಳಿನ ‘ವಿಲ್ಲು’ ಕನ್ನಡದಲ್ಲಿ ‘ಬಿಲ್ಲು’ ಆಗಿರುವ ಥರ?

ಇನ್ನೊಂದು, ತಡೆಗೋಡೆಯದು. ಗೋಡೆಯ ಹಿಂದೆ ನೀರು ತುಂಬಿದರೆ ಗೋಡೆಯನ್ನೇ ದಬ್ಬುತ್ತದೆ. ಅದಕ್ಕೆ ಹಿಂದುಗಡೆ ಜಲ್ಲಿ ತುಂಬಿಸಿ, ಐದಾರು ಅಡಿಗೊಂದು ಪೈಪಿನ ತೂತು ಬಿಡುತ್ತಾರೆ. ಮೇಸ್ತ್ರಿ ಇದಕ್ಕೆ ‘ವೀಪ್ ಹೋಲ್’ ಅಂತಾರೆ. ಅಡಿಕೆ ತೋಟದಲ್ಲಿ ಬಸಿಗಾಲುವೆ ಇದೆಯಲ್ಲ, ಅದೇ ಜಾಡಿನಲ್ಲಿ ‘ಬಸಿಗಂಡಿ’ ಅಂದೆ. ಕೆಲಸದವರಿಗೆ ಕೂಡಲೇ ಅರ್ಥವಾಯಿತು. ನಿಮ್ಮೂರಲ್ಲಿ ಬೇರೆ ಮಾತಿದ್ದರೆ ತಿಳಿಸಿ.

ಕರೆಂಟ್ ಕೆಲಸದವರು ಕೋಣೆಗಳ ಪಟ್ಟಿ ಕೇಳಿದ್ದಾರೆ. ಮೇಲ್ಮಜಲು, ನಡುಮಜಲು, ಕೆಳಮಜಲು ಅಂತ ಪೆನ್ಸಿಲಿನಲ್ಲಿ ಬರೆದು ಅಮ್ಮನಿಗೆ ತೋರಿಸಿದೆ. “ಮಜಲು ಅಂದ್ರೆ ನಡುವಿನದ್ದು ಮಾತ್ರ. ಮೇಲಿದ್ದದ್ದು ಬೆಟ್ಟು, ಕೆಳಗಿದ್ದದ್ದು ಬೈಲು. ಮೇಲ್ಮಜಲು ಅಂತ ಎಲ್ಲಾದ್ರೂ ಉಂಟಾ?” ಅಂದರು. ಮೂರಕ್ಕೂ ಸೇರಿ ಒಂದೇ ಪದವಾಗಿ ‘ಮಜಲು’ ಬಳಸಿದರೆ ತಪ್ಪಾಗುತ್ತದೆಯೇ, ಅಥವಾ ಅಮ್ಮ ಹೇಳಿದ ಹಾಗೆ ಬೆಟ್ಟು, ಮಜಲು, ಬೈಲು ಅಂತಲೇ ಬರೆದುಬಿಡಲೇ? ಸೋಮವಾರದೊಳಗೆ ಪಟ್ಟಿ ಕೊಡಬೇಕು.