ಪ್ರೋಗ್ರಾಂ ಮುಗಿಸಿ ಊಟಕ್ಕೆ ಹೋದಾಗ ಪೇಟಿ (ಹಾರ್ಮೋನಿಯಂ) ಕಳುವಾಗಿದೆ. ಮುಂದೇನು ಮಾಡಲಿ?

ಧಾರವಾಡದ ಪೇಟಿ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಮಕ್ಕಳಿಗೆ ಹಾರ್ಮೋನಿಯಂ ಕಲಿಸುತ್ತೇನೆ. ದಾಸವಾಣಿ, ವಚನ ಗಾಯನಕ್ಕೆ ಸಾಥ್ ಕೊಡಲು ಹೋಗುತ್ತೇನೆ. ಕಳೆದ ವಾರ ಹುಬ್ಬಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ, ಮದುವೆಯ ಹಿಂದಿನ ಸಂಜೆ, ನಮ್ಮ ದಾಸವಾಣಿ ಇತ್ತು. ಅದು ಮುಗಿದ ಮೇಲೆ ಅದೇ ಸ್ಟೇಜಿನಲ್ಲಿ ಆರ್ಕೆಸ್ಟ್ರಾ. ಪೇಟಿಗೆ ಕವರ್ ಹಾಕಿ ಸ್ಟೇಜಿನ ಹಿಂದಿನ ಕೋಣೆಯಲ್ಲಿ ತಂಬೂರಿ ಪಕ್ಕ ಇಟ್ಟು, ಬೀಗ ಹಾಕಿಸಿ, ಕೀಲಿಕೈ ಮ್ಯಾನೇಜರ್ ಕೈಗೆ ಕೊಟ್ಟು ಊಟಕ್ಕೆ ಹೋದೆವು. ಬಂದು ನೋಡಿದರೆ ಬಾಗಿಲು ತೆರೆದಿದೆ. ತಂಬೂರಿ ಇದೆ, ತಬಲಾ ಇದೆ, ಪೇಟಿ ಇಲ್ಲ.

ಮ್ಯಾನೇಜರ್ ಹೇಳಿದ್ದು, "ಆರ್ಕೆಸ್ಟ್ರಾದವರು ಕೀಲಿ ಇಸ್ಕೊಂಡಿದ್ರು ರೀ." ಆರ್ಕೆಸ್ಟ್ರಾದವರು ಹೇಳಿದ್ದು, "ನಾವು ಡೆಕೋರೇಷನ್ ಹುಡುಗರಿಗೆ ಕೊಟ್ವಿ." ಡೆಕೋರೇಷನ್‌ನವರು ಫೋನೇ ಎತ್ತುತ್ತಿಲ್ಲ. ಮದುವೆ ಮನೆಯವರನ್ನು ಹಿಡಿದು ಕೇಳೋಣ ಅಂದರೆ ಪಾಪ, ಅವರಿಗೆ ಬೆಳಗಾದರೆ ಅಕ್ಷತೆ. ಏನಂತ ಕೇಳುವುದು?

ಠಾಣೆಗೆ ಹೋದೆ. ಅಲ್ಲಿ ಕೂತಿದ್ದವರು "ಕಳುವು ಅಂತ ಯಾಕ್ರೀ, ಕಳೆದಿದೆ ಅಂತ ಬರೆದುಕೊಡ್ರಿ, ಹಿಂಬರಹ ಕೊಡ್ತೀವಿ" ಅಂದರು. ಹಿಂಬರಹ ಅಂದರೆ ದೂರು ಬಂದಿದೆ ಅಂತ ಠಾಣೆಯವರು ಬರೆದುಕೊಡುವ ಚೀಟಿ. ಇನ್ನೊಬ್ಬರು "ಹಾರ್ಮೋನಿಯಂ ಅಂದ್ರ ಎಷ್ಟಾಗ್ತದ, ಎರಡು ಸಾವಿರ?" ಅಂತ ಕೇಳಿದರು. ಒಂಬತ್ತು ಸ್ಕೇಲಿನ ಸ್ಕೇಲ್ ಚೇಂಜರ್ ಸ್ವಾಮಿ ಅದು! ಒತ್ತುವ ಪಟ್ಟಿಗಳ ಸಾಲನ್ನೇ ಸರಿಸಿ ಶ್ರುತಿ ಬದಲಿಸಬಹುದು. ದನಿ ಹೊರಡಿಸುವ ರೀಡು ಮೂರು ಸೆಟ್, ಒಂದು ಪಟ್ಟಿ ಒತ್ತಿದರೆ ಇನ್ನೊಂದು ಸಪ್ತಕದ ಅದೇ ಸ್ವರವನ್ನೂ ನುಡಿಸುವ ಕಪ್ಲರ್, ಸಾಗವಾನಿ ಕಟ್ಟಿಗೆ. ನಾನು ಕೊಟ್ಟಿದ್ದು 45,000 ರೂಪಾಯಿ. ಆದರೆ ನಮ್ಮ ಗುರುಗಳಿಂದ ಕೊಂಡಿದ್ದು, ಅಂಗಡಿ ಬಿಲ್ ಅವರ ಹೆಸರಿನಲ್ಲಿದೆ. ಇದು ನನ್ನದೇ ಅಂತ ತೋರಿಸುವುದು ಹೇಗೆ? ಎಲ್ಲೆಲ್ಲಿ ಹುಡುಕಬೇಕು? ಗೊತ್ತಿದ್ದವರು ಹೇಳಿ.

ತಬಲಾ ಹುಡುಗ, ಹುಬ್ಬಳ್ಳಿ:

ಅಕ್ಕಾ, ಮೊದಲು ಸೌಂಡ್ ಸಿಸ್ಟಮ್‌ನವರ ಗೋಡೌನ್ ನೋಡಿದಿರಾ? ಮಧ್ಯರಾತ್ರಿ ಮೇಲೆ ಟೆಂಪೊ ತುಂಬುವ ಹುಡುಗರು ಕಪ್ಪು ಪೆಟ್ಟಿಗೆ ಕಂಡರೆ ಎಲ್ಲ ತಮ್ಮದೇ ಅಂತ ಎತ್ತಿ ಹಾಕುತ್ತಾರೆ. ನನ್ನ ಡಗ್ಗಾ (ತಬಲಾದ ಎಡಗೈ ವಾದ್ಯ) ಹೀಗೇ ಸ್ಪೀಕರ್ ಜೊತೆ ಹಾವೇರಿಗೆ ಹೋಗಿ ಬಂದಿದೆ. ಡೆಕೋರೇಷನ್‌ನವರಿಗೆ ಫೋನ್ ಮಾಡುವುದು ಬಿಡಿ, ನೇರ ಅಂಗಡಿಗೇ ಹೋಗಿ. ಬೇಕಾದರೆ ನಾನೂ ಬರುತ್ತೇನೆ.

ಇನ್ನೊಂದು ಮಾತು. ಮದುವೆ ವಿಡಿಯೊದವರನ್ನು ಹಿಡಿಯಿರಿ. ಮಂಟಪದ ಸಿಸಿಟಿವಿ ಇದ್ದರೆ ಸಿಕ್ಕೀತು, ಅದೂ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗಿ ಅಳಿಸಿ ಹೋಗುತ್ತೆ, ಇವತ್ತೇ ಬರೆದು ಕೇಳಿ. ಆದರೆ ವಿಡಿಯೊದವರು ಸ್ಟೇಜಿನ ಅಕ್ಕಪಕ್ಕ ಯಾರು ಓಡಾಡಿದರು ಅಂತ ಎಲ್ಲ ಹಿಡಿದಿರುತ್ತಾರೆ. ಎಡಿಟ್ ಮಾಡಿದ ಮೇಲೆ ಬೇಡದ್ದನ್ನು ಅಳಿಸಿಬಿಡ್ತಾರೆ, ಅದಕ್ಕೂ ಮುಂಚೆ ಹೋಗಿ.

ನಿವೃತ್ತ ಸ್ಟೇಷನ್ ರೈಟರ್, ಹಾವೇರಿ:

ಮೇಡಂ, "ಕಳೆದಿದೆ" ಅಂತ ಮಾತ್ರ ಬರೆದುಕೊಡಬೇಡಿ. ಹಿಂಬರಹ ತೆಗೆದುಕೊಂಡು ಬಂದರೆ ಅದು ಒಂದು ಕಾಗದ, ಅಷ್ಟೇ. ಅದರ ಮೇಲೆ ಯಾರೂ ತನಿಖೆ ಮಾಡುವುದಿಲ್ಲ. ಬೀಗ ಹಾಕಿದ ಕೋಣೆಯಿಂದ ಹೋಗಿದೆ, ಕಳುವು ಅಂತಲೇ ಬರೆಯಿರಿ. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಹಳೆಯ ಐಪಿಸಿಯ (ಭಾರತೀಯ ದಂಡ ಸಂಹಿತೆ) ಕಲಂ 379ರ ಜಾಗದಲ್ಲಿ ಈಗ ಭಾರತೀಯ ನ್ಯಾಯ ಸಂಹಿತೆಯ ಕಲಂ 303.

ದೂರಿನಲ್ಲಿ ಬೆಲೆ ಬರೆಯುವುದು ಬಹಳ ಮುಖ್ಯ. ಆ ಎರಡು ಸಾವಿರದ ಮಾತನ್ನು ನೀವು ನಕ್ಕು ಬಿಟ್ಟಿರಬಹುದು. ಹೊಸ ಕಾನೂನಿನಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳುವು ಪೊಲೀಸರು ತಾವಾಗಿಯೇ ತನಿಖೆ ಶುರು ಮಾಡುವಂಥ ಅಪರಾಧವಲ್ಲ. "ಒಂದು ಹಾರ್ಮೋನಿಯಂ" ಅಂತ ಬರೆದು ಸುಮ್ನೆ ಬಂದರೆ ಕೇಸು ಅಲ್ಲೇ ಮಲಗುತ್ತದೆ. 45,000 ಅಂತ ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಿರಿ. ಬಿಲ್ ಗುರುಗಳ ಹೆಸರಿನಲ್ಲಿದ್ದರೆ ಇರಲಿ. ಅದರ ನಕಲು, ಇಂಥವರಿಗೆ ಮಾರಿದ್ದೇನೆ ಅಂತ ಅವರ ಕೈಬರಹದ ಪತ್ರ, ನೀವು ದುಡ್ಡು ಕಳಿಸಿದ ಬ್ಯಾಂಕ್ ಎಂಟ್ರಿ, ಇಷ್ಟಿದ್ದರೆ ಸಾಕು.

ಎಫ್‌ಐಆರ್ ಮಾಡಿದರೆ ಅದರ ಪ್ರತಿ ನಿಮಗೆ ಪುಕ್ಕಟೆ ಕೊಡಬೇಕು. ಧಾರವಾಡದ ಠಾಣೆಯಲ್ಲೇ ಕೊಟ್ಟರೂ ಝೀರೊ ಎಫ್‌ಐಆರ್ ಮಾಡಿ ಹುಬ್ಬಳ್ಳಿಗೆ ಕಳಿಸಬೇಕು, "ನಮ್ಮ ಹದ್ದಿ ಅಲ್ಲ" ಅನ್ನುವಂತಿಲ್ಲ. ತೆಗೆದುಕೊಳ್ಳಲಿಲ್ಲವಾ? ಅದೇ ದೂರನ್ನು ಸ್ಪೀಡ್ ಪೋಸ್ಟಿನಲ್ಲಿ ಮೇಲಿನವರಿಗೆ ಕಳಿಸಿ. ಬೇರೆ ಜಿಲ್ಲೆಗಳಲ್ಲಿ ಎಸ್‌ಪಿಗೆ, ಅವಳಿ ನಗರದೊಳಗಾದರೆ ಪೊಲೀಸ್ ಕಮಿಷನರಿಗೆ. ಅದರ ಮೇಲೆ ಕೋರ್ಟು ಇದ್ದೇ ಇದೆ. ಜಗಳ ಮಾಡಬೇಡಿ. ಬರೆದ ಕಾಗದಕ್ಕೆ ಠಾಣೆಯಲ್ಲಿ ಜಾಸ್ತಿ ಹೆದರುತ್ತಾರೆ, ಕೂಗಾಟಕ್ಕೆ ಅಲ್ಲ. ಇದು ಆ ಕಡೆ ಕೂತವನ ಮಾತು.

ಧಾರವಾಡದ ಪೇಟಿ ಟೀಚರ್:

ಸರ್, ತುಂಬಾ ಉಪಕಾರವಾಯಿತು. ಗುರುಗಳಿಗೆ ಪತ್ರ ಕೇಳಿದ್ದೇನೆ. ಸೌಂಡ್‌ನವರ ಗೋಡೌನ್ ನೋಡಿದೆ ತಮ್ಮಾ, ಇಲ್ಲ. ಡೆಕೋರೇಷನ್ ಅಂಗಡಿಗೆ ನಾಳೆ ಹೋಗೋಣ. ಒಂದು ಅನುಮಾನ. ಪೇಟಿ ಸಿಕ್ಕರೂ ಎಲ್ಲ ಪೇಟಿ ಒಂದೇ ಥರ ಕಾಣುತ್ತವೆ ಅಲ್ವಾ? ಹೆಸರಿನ ಪಟ್ಟಿ ಕಿತ್ತು, ಮೇಲೆ ಪಾಲಿಶ್ ಹೊಡೆದರೆ ಮುಗಿಯಿತು.

ಗದಗಿನ ಪೇಟಿ ರಿಪೇರಿ:

ಮುಗಿಯುವುದಿಲ್ಲ ತಂಗಿ. ಮೊಬೈಲಿಗೆ ಐಎಂಇಐ ನಂಬರ್ ಇದೆ, ಪೇಟಿಗೆ ಏನಿದೆ ಅಂತ ಎಲ್ಲರೂ ಕೇಳುತ್ತಾರೆ. ಪೇಟಿಯ ಗುರುತು ಒಳಗಿರುತ್ತದೆ. ಸೂರ ಸರಿ ಮಾಡುವಾಗ ಹಿತ್ತಾಳೆ ರೀಡಿನ ನಾಲಿಗೆಯನ್ನು ಕೆರೆಯುತ್ತೇವೆ. ತುದಿಯಲ್ಲಿ ಕೆರೆದರೆ ಸೂರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಒಬ್ಬನು ಅಡ್ಡ ಕೆರೆಯುತ್ತಾನೆ, ಇನ್ನೊಬ್ಬ ಓರೆಯಾಗಿ. ನಾನು ಮಾಡಿದ ಪೇಟಿ ಬಿಚ್ಚಿ ನನ್ನ ಮುಂದಿಟ್ಟರೆ ಹತ್ತು ವರ್ಷ ಆದರೂ ಹೇಳುತ್ತೇನೆ, ಇದು ನನ್ನ ಕೈ ಅಂತ. ಅದಲ್ಲದೆ ರೀಡ್ ಬೋರ್ಡಿನ ಮೇಲೆ ಪೆನ್ಸಿಲ್‌ನಲ್ಲಿ ಏನಾದರೂ ಬರೆದಿಟ್ಟಿರುತ್ತೇವೆ, ತಾರೀಖೋ, ಗಿರಾಕಿ ಊರೋ. ಕಳ್ಳ ಹೊರಗೆ ಪಾಲಿಶ್ ಹೊಡೆದಾನು, ಸ್ಕ್ರೂ ಬಿಚ್ಚಿ ಒಳಗೆ ನೋಡುವುದಿಲ್ಲ. ನಿಮ್ಮ ಪೇಟಿ ಕೊನೆಗೆ ಯಾರು ರಿಪೇರಿ ಮಾಡಿದ್ದು? ಅವರನ್ನು ಕೇಳಿ ಆ ಗುರುತು ಬರೆಸಿಕೊಂಡು ದೂರಿಗೆ ಸೇರಿಸಿ.

ಹುಡುಕುವ ಮಾತಿಗೆ ಬಂದರೆ, ಓಎಲ್‌ಎಕ್ಸ್ ನೋಡಿ, ಫೇಸ್‌ಬುಕ್ ನೋಡಿ, ಬೇಡ ಅನ್ನುವುದಿಲ್ಲ. ಆದರೆ ನಮ್ಮ ಕಡೆ ಕದ್ದ ಪೇಟಿ ನುಡಿಸುವವರ ಕೈಗೆ ಹೋಗುವುದಿಲ್ಲ, ಅವರು ನಾಲ್ಕು ಪ್ರಶ್ನೆ ಕೇಳುತ್ತಾರೆ. ಅದು ಹೋಗುವುದು ಯಾವುದೋ ಹಳ್ಳಿಯ ಭಜನಾ ಮಂಡಳಿಗೆ. "ಮನೆಯಲ್ಲಿ ಹಳೆಯದಿತ್ತು" ಅಂತ ಹೇಳಿ ಆರೇಳು ಸಾವಿರಕ್ಕೆ ಕೊಟ್ಟು ಹೋಗುತ್ತಾರೆ. ಸ್ಕೇಲ್ ಚೇಂಜರ್ ಪೇಟಿಯನ್ನು ಬೈಕ್ ಮೇಲೆ ನಿಲ್ಲಿಸಿಕೊಂಡು ಒಯ್ದರೆ ಒತ್ತುವ ಪಟ್ಟಿಗಳ ಸಾಲು ಜಾಗ ಬಿಟ್ಟು, ಒಂದು ಒತ್ತಿದರೆ ಎರಡು ಕೂಗುತ್ತವೆ. ಅವರಿಗೆ ಸರಿ ಮಾಡಲು ಬರುವುದಿಲ್ಲ. ಶ್ರಾವಣದ ಸಪ್ತಾಹಕ್ಕೆ ಮುಂಚೆ ನನ್ನ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಎಲ್ಲ ಭಜನಾ ಮಂಡಳಿ ಪೇಟಿಗಳೇ. ನಿಮ್ಮದೂ ಎಲ್ಲೋ ಒಂದು ಅಂಗಡಿಗೆ ಬಂದೇ ಬರುತ್ತದೆ. ಹುಬ್ಬಳ್ಳಿ, ಬೆಳಗಾವಿ, ಮೀರಜ್‌ವರೆಗೆ ರಿಪೇರಿಯವರಿಗೆಲ್ಲ ಫೋಟೊ ಕಳಿಸಿ. ನಮ್ಮ ಗುಂಪಿಗೆ ನಾನು ಹಾಕುತ್ತೇನೆ.

ಫೋಟೊಗಿಂತ ಮುಖ್ಯ, ಅದರ ದನಿ ಇರುವ ರೆಕಾರ್ಡಿಂಗ್. ಇಲ್ಲಿ ಗದಗಿನಲ್ಲಿ, ಅಂಧರಿಗೆ ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ, ಕಣ್ಣು ಕಾಣದ ವಾದಕರೊಬ್ಬರು ನನ್ನಲ್ಲಿಗೆ ಬರುತ್ತಾರೆ. ನಾನು ಯಾರದೋ ಪೇಟಿಯ ಕರಿ ಎರಡು (ಎರಡನೆಯ ಕಪ್ಪು ಪಟ್ಟಿ) ಒತ್ತಿ ಗಾಳಿ ಹಾಕುತ್ತಿದ್ದರೆ ಬಾಗಿಲಲ್ಲೇ ನಿಂತು, "ಇದು ಇಂಥ ಮಾಸ್ತರದು, ಇನ್ನೂ ಖರಜದ (ಕೆಳದನಿಯ) ರೀಡು ಹಾಕಿಸಿಲ್ಲೇನು?" ಅನ್ನುತ್ತಾರೆ. ತಪ್ಪಿದ್ದು ನಾನು ಕೇಳಿಲ್ಲ.

1940ರಲ್ಲಿ ಆಕಾಶವಾಣಿಯವರು ಪೇಟಿಯನ್ನು ಹೊರಗಿಟ್ಟವರು ಮೂರು ದಶಕ ಒಳಗೆ ಬಿಡಲಿಲ್ಲ. ಈಗ ನೋಡಿ, ತಂಬೂರಿ ಬಿಟ್ಟು ಪೇಟಿ ಕದಿಯುತ್ತಾರೆ! ನಮ್ಮ ವಾದ್ಯಕ್ಕೂ ಕಾಲ ಬಂತು ಅನ್ನಿ.

ಸುಮ್ನೆ ಓದುವವ:

ಮಂಟಪದವರಿಂದಲೇ ವಸೂಲಿ ಮಾಡಿ. ಇಲ್ಲಾಂದ್ರೆ ಆ ಭಜನಾ ಮಂಡಳಿಯವರನ್ನು ಒಳಗೆ ಹಾಕಿಸಿ, ಕದ್ದ ಮಾಲು ಕೊಂಡವನೂ ಕಳ್ಳನೇ.

ನಿವೃತ್ತ ಸ್ಟೇಷನ್ ರೈಟರ್, ಹಾವೇರಿ:

ಅಲ್ಲ ಸರ್. ಕಲಂ 317ರಲ್ಲಿ, ಕದ್ದದ್ದು ಅಂತ ಗೊತ್ತಿದ್ದೂ ಅಥವಾ ಹಾಗೆ ನಂಬಲು ಕಾರಣ ಇದ್ದೂ ಕೊಂಡವನಿಗೆ ಮಾತ್ರ ಶಿಕ್ಷೆ. ಹಳ್ಳಿಯವರನ್ನು ಹೆದರಿಸಿದರೆ ಪೇಟಿ ಬಾವಿಗೆ ಬೀಳುತ್ತದೆ.

ಮೇಡಂ, ಸಿಕ್ಕ ಮೇಲಿನ ಮಾತು ಈಗಲೇ ಹೇಳಿಬಿಡುತ್ತೇನೆ. ಪಂಚನಾಮೆ ಮಾಡಿ ಜಪ್ತಿ ಮಾಡಿದರೆ ಅದು ಮುದ್ದೆಮಾಲು, ಅಂದರೆ ಕೇಸಿನ ಸಾಕ್ಷ್ಯದ ವಸ್ತು. ಠಾಣೆಯ ಕೋಣೆಯಲ್ಲಿ ಇಲಿ, ಹಸಿ, ಧೂಳು. ನಿಮ್ಮ ಪೇಟಿಯ ಚರ್ಮ, ಬಟ್ಟೆ ಏನೂ ಉಳಿಯುವುದಿಲ್ಲ. ಕೇಸು ಮುಗಿಯುವವರೆಗೆ ಕಾಯಬೇಡಿ. ಮಧ್ಯಂತರವಾಗಿ ನನ್ನ ವಶಕ್ಕೆ ಕೊಡಿ ಅಂತ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ, ಫೋಟೊ ತೆಗೆಸಿ, ಬಾಂಡ್ ಬರೆದುಕೊಟ್ಟು ಬಿಡಿಸಿಕೊಳ್ಳಿ. ಜಪ್ತಿ ಮಾಡಿದ ವಸ್ತುವನ್ನು ಠಾಣೆಯಲ್ಲಿ ಸುಮ್ನೆ ಕೊಳೆಸಬಾರದು ಅಂತ ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಸಿಗದೇ ಹೋದರೆ ಕೊನೆಗೆ ಪತ್ತೆಯಾಗಲಿಲ್ಲ ಅಂತ "ಸಿ ರಿಪೋರ್ಟ್" ಹಾಕುತ್ತಾರೆ, ವಿಮೆ ಇದ್ದವರಿಗೆ ಆ ಕಾಗದ ಬೇಕಾಗುತ್ತದೆ.

ಧಾರವಾಡದ ಪೇಟಿ ಟೀಚರ್:

ವಿಮೆ ಇಲ್ಲ ಸರ್, ಪೇಟಿಗೂ ವಿಮೆ ಮಾಡಿಸುತ್ತಾರಾ? ಇರಲಿ. ಇವತ್ತು ಎಫ್‌ಐಆರ್ ಆಯಿತು. ಬೆಲೆ, ರಿಪೇರಿಯವರ ಪೆನ್ಸಿಲ್ ಗುರುತು ಎಲ್ಲ ಬರೆಸಿದೆ. ಬರೆದುಕೊಳ್ಳುತ್ತಿದ್ದವರು "ಇಷ್ಟೆಲ್ಲ ಇರ್ತದೇನ್ರೀ ಅದರೊಳಗ" ಅಂತ ಪೆನ್ನು ನಿಲ್ಲಿಸಿ ಕೇಳಿದರು. ವಿಡಿಯೊದವರು ಪೂರ್ತಿ ಕಾರ್ಡ್ ಕಾಪಿ ಮಾಡಿಕೊಡಲು ಒಪ್ಪಿದ್ದಾರೆ. ಗದಗಿನ ಅಣ್ಣಾರ, ಆ ಸಂಜೆಯ ರೆಕಾರ್ಡಿಂಗ್ ಕಳಿಸುತ್ತೇನೆ, ಗುಂಪಿಗೆ ಹಾಕಿ.

ತಬಲಾ ಹುಡುಗ, ಹುಬ್ಬಳ್ಳಿ:

ಅಕ್ಕಾ, ಶನಿವಾರದ ಗದಗ ಪ್ರೋಗ್ರಾಂಗೆ ಏನು ಮಾಡ್ತೀರಿ? ನಮ್ಮ ಮಾವನ ಪೇಟಿ ಇದೆ. ಕಪ್ಲರ್ ಕೆಲಸ ಮಾಡಲ್ಲ.

ಧಾರವಾಡದ ಪೇಟಿ ಟೀಚರ್:

ಕಪ್ಲರ್ ಬೇಡ ತಮ್ಮಾ, ಗಾಳಿ ಸೋರದಿದ್ದರೆ ಸಾಕು. ಶುಕ್ರವಾರವೇ ತಂದುಕೊಡು, ಒಮ್ಮೆ ನುಡಿಸಿ ನೋಡುತ್ತೇನೆ.