ಸ್ಪ್ಲೆಂಡರ್ ಮುಂದಿನ ವೀಲ್ ಬೆಂಡು: ಮನೆಯಲ್ಲೇ ತೆಗೆಯಬಹುದಾ?

ಮೂಡಿಗೆರೆಯವನು:
ಎಲ್ಲರಿಗೂ ನಮಸ್ಕಾರ. ನನ್ನದು ಹಳೇ ಸ್ಪ್ಲೆಂಡರ್. ಸ್ಪೋಕ್ ವೀಲ್, ಡ್ರಮ್ ಬ್ರೇಕ್. ಮಳೆಗಾಲದಲ್ಲಿ ನಮ್ಮ ಕಡೆ ರಸ್ತೆ ಗೊತ್ತಲ್ಲ, ನೀರು ನಿಂತರೆ ಗುಂಡಿ ಕಾಣುವುದೇ ಇಲ್ಲ. ಹಾಗೆ ಒಂದು ಗುಂಡಿಗೆ ಮುಂದಿನ ಚಕ್ರ ಇಳಿದಾಗಿನಿಂದ ನಲವತ್ತು ದಾಟಿದರೆ ಹ್ಯಾಂಡಲ್ ನಡುಗುತ್ತದೆ. ಸ್ಟ್ಯಾಂಡ್ ಹಾಕಿ ತಿರುಗಿಸಿದರೆ ರಿಮ್ ಒಂದು ಜಾಗದಲ್ಲಿ ಎಡಕ್ಕೆ ಸರಿದು ಮತ್ತೆ ನೆಟ್ಟಗಾಗುತ್ತದೆ. ಪೇಟೆಯಲ್ಲಿ ಬೆಂಡು ತೆಗೆಯುವವರು ವೀಲ್ ಬಿಚ್ಚಿ ಕೊಟ್ಟು ಹೋಗಿ, ವಾರ ಆಗುತ್ತೆ ಅಂದರು. ದಿನಾ ಬೆಳಗ್ಗೆ ಡೈರಿಗೆ ಹಾಲು ಹಾಕಬೇಕು, ಅಷ್ಟು ದಿನ ಗಾಡಿ ನಿಲ್ಲಿಸಲು ಆಗಲ್ಲ. ಚಕ್ರ ಕೂರಿಸಿ ಬೆಂಡು ನೋಡುವ ಟ್ರೂಯಿಂಗ್ ಸ್ಟ್ಯಾಂಡ್ ಬೆಲೆ ಕೇಳಿ ಸುಮ್ಮನಾದೆ. ಐನೂರು ರೂಪಾಯಿ ಒಳಗೆ ನಾನೇ ಮಾಡಿಕೊಳ್ಳಬಹುದಾ?

ಸಿಟಿ ರೈಡರ್:
ಸ್ಪೋಕೇ ಇಲ್ಲದ ಮ್ಯಾಗ್ ವೀಲ್ ಹಾಕ್ಸಿಬಿಡಿ ಬ್ರೋ. ತಲೆನೋವೇ ಇರಲ್ಲ.

ರೋಡ್‌ಕಿಂಗ್ ಮೈಸೂರು:
ಐನೂರು ರೂಪಾಯಿಯವರಿಗೆ ಮ್ಯಾಗ್ ವೀಲ್ ಹೇಳ್ತೀರಲ್ಲ ಸ್ವಾಮಿ! ಗುಂಡಿಗೆ ಬಿದ್ದು ಮ್ಯಾಗ್ ಸೀಳಿದರೆ ಬಿಸಾಕಬೇಕು. ಸ್ಪೋಕ್ ವೀಲ್ ಆದರೆ ಕೂತು ಸರಿ ಮಾಡಬಹುದು.

ಮೂಡಿಗೆರೆಯವರೇ, ಧಾರಾಳವಾಗಿ ಮಾಡಬಹುದು. ನಾನು ಯೆಜ್ಡಿ ಓಡಿಸುವವನು. ಅದನ್ನು ಮಾಡುತ್ತಿದ್ದ ನಮ್ಮೂರಿನ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲಿ ಬಾಗಿಲು ಹಾಕಿದ ಮೇಲೆ ನಮ್ಮಂಥವರು ಇಂಥ ಕೆಲಸ ಕಲಿಯಲೇಬೇಕಾಯಿತು. ಸ್ಟ್ಯಾಂಡ್ ಬೇಡವೇ ಬೇಡ. ಮುಂದಿನ ಚಕ್ರ ಹಿಡಿದಿರುವ ನಿಮ್ಮ ಗಾಡಿಯ ಫೋರ್ಕೇ ಸ್ಟ್ಯಾಂಡ್. ದುಡ್ಡು ಕೊಟ್ಟು ತರಬೇಕಾದದ್ದು ನಿಪ್ಪಲ್ ಕೀ ಒಂದೇ, ಅಂದರೆ ರಿಮ್ಮಿನ ಹತ್ತಿರ ಸ್ಪೋಕ್ ತುದಿಯಲ್ಲಿರುವ ನಟ್ಟನ್ನು (ನಿಪ್ಪಲ್) ತಿರುಗಿಸುವ ಕೀ. ನಿಮ್ಮ ನಿಪ್ಪಲ್‌ಗೆ ಬಿಗಿಯಾಗಿ ಕೂರುವಂಥದ್ದನ್ನೇ ನೋಡಿ ತನ್ನಿ. ಸೈಕಲ್‌ದು ಚಿಕ್ಕದು, ಆಗಲ್ಲ. ಕಟಿಂಗ್ ಪ್ಲೇಯರ್ ಹಾಕಿ ತಿರುಗಿಸಲು ಹೋಗಬೇಡಿ, ನಿಪ್ಪಲ್ ಮೂಲೆ ಸವೆದರೆ ಆಮೇಲೆ ಯಾವ ಕೀಯೂ ಹಿಡಿಯಲ್ಲ.

ಇವತ್ತು ರಾತ್ರಿಯೇ ಎಲ್ಲ ನಿಪ್ಪಲ್ ಬುಡಕ್ಕೂ ತುಕ್ಕು ಬಿಡಿಸುವ ಡಬ್ಲ್ಯುಡಿ-40 ಎಣ್ಣೆ ಸ್ಪ್ರೇ ಹೊಡೆದು ಬಿಡಿ. ಮಲೆನಾಡಿನ ಗಾಡಿ, ತುಕ್ಕು ಇದ್ದೇ ಇರುತ್ತೆ. ಬ್ರೇಕ್ ಡ್ರಮ್ ಒಳಗೆ ಹೋಗದ ಹಾಗೆ ನೋಡಿಕೊಳ್ಳಿ.

ಬೆಳಗ್ಗೆ ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ಕೆಳಗೆ ಮರದ ತುಂಡು ಕೊಟ್ಟು ಮುಂದಿನ ಚಕ್ರ ಎತ್ತಿ. ಮೊದಲು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ ವೀಲ್ ಬೇರಿಂಗ್ ಹೋಗಿದೆ, ಅದನ್ನು ಬದಲಿಸುವವರೆಗೆ ಸ್ಪೋಕ್ ಮುಟ್ಟಿ ಪ್ರಯೋಜನವಿಲ್ಲ. ಬೇರಿಂಗ್ ಚೆನ್ನಾಗಿದ್ದರೆ ಸಣ್ಣ ಸ್ಪ್ಯಾನರ್ ತಗೊಂಡು 36 ಸ್ಪೋಕನ್ನೂ ಒಂದೊಂದಾಗಿ ತಟ್ಟಿ. ಬಿಗಿ ಇರುವುದು ಟಿಣ್ ಅನ್ನುತ್ತೆ, ಸಡಿಲ ಇರುವುದು ಟಪ್ ಅಂತ ಸತ್ತ ಸದ್ದು ಕೊಡುತ್ತೆ. ಟಪ್ ಅಂದದ್ದಕ್ಕೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಅವನ್ನು ಅಕ್ಕಪಕ್ಕದ ಸ್ಪೋಕ್‌ಗಳ ಸದ್ದಿಗೆ ತಂದರೆ ಎಷ್ಟೋ ಸಲ ಅರ್ಧ ಬೆಂಡು ಅಲ್ಲೇ ಹೋಗಿಬಿಡುತ್ತೆ.

ಇನ್ನು ಅಳತೆ. ಫೋರ್ಕ್‌ಗೆ ಕೇಬಲ್ ಟೈ ಬಿಗಿದು, ಬಾಲ ರಿಮ್ಮಿನ ಅಂಚಿಗೆ ಸ್ವಲ್ಪದರಲ್ಲೇ ತಾಗದಂತೆ ಕತ್ತರಿಸಿ. ಟೈರ್ ನೋಡಬೇಡಿ, ಹಳೇ ಟೈರ್ ಉಬ್ಬಿ ಮೋಸ ಮಾಡುತ್ತೆ. ರಿಮ್ ಮಾತ್ರ ನೋಡಿ. ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ. ಗ್ಯಾಪ್ ಹೆಚ್ಚಿರುವ ಕಡೆಗೂ ಕಡಿಮೆ ಇರುವ ಕಡೆಗೂ ವ್ಯತ್ಯಾಸ ಎರಡು ಕಾರ್ಡಿನಷ್ಟು ಬಂದರೆ ಒಂದೂವರೆ ಮಿ.ಮೀ. ಆಯಿತು. ಹೆಚ್ಚಿನ ಜಪಾನಿ ಗಾಡಿಗಳ ಮ್ಯಾನ್ಯುಯಲ್‌ನಲ್ಲಿ ಮಿತಿ 2 ಮಿ.ಮೀ. ಇರುತ್ತೆ, ಪಕ್ಕಕ್ಕೂ ಅಷ್ಟೇ, ಮೇಲೆ ಕೆಳಗೂ ಅಷ್ಟೇ.

ಮೇಲೆ ಕೆಳಗಿನ ಕುಣಿತ ಮೊದಲು ತೆಗೆಯಿರಿ, ಪಕ್ಕದ ಬೆಂಡು ಆಮೇಲೆ. ರಿಮ್ ಹೊರಕ್ಕೆ ಉಬ್ಬಿರುವ ಕಡೆ ಎಡ ಬಲ ಎರಡೂ ಸ್ಪೋಕ್ ಟೈಟ್. ತಗ್ಗಿರುವ ಕಡೆ ಎರಡೂ ಲೂಸ್. ಪಕ್ಕದ ಬೆಂಡಿಗೆ ಬಂದರೆ, ಚಕ್ರದ ನಡುವಿನ ಹಬ್ಬಿನ ಎಡಗಡೆಯಿಂದ ಬರುವ ಸ್ಪೋಕ್ ರಿಮ್ಮನ್ನು ಎಡಕ್ಕೆ ಎಳೆಯುತ್ತೆ, ಬಲಗಡೆಯದು ಬಲಕ್ಕೆ. ನಿಮ್ಮದು ಎಡಕ್ಕೆ ಹೋಗಿದೆ. ಆ ಜಾಗದಲ್ಲಿ ಎಡದವನ್ನು ಮೊದಲು ಕಾಲು ಸುತ್ತು ಬಿಡಿ, ಆಮೇಲೆ ಬಲದವನ್ನು ಕಾಲು ಸುತ್ತು ಎಳೆಯಿರಿ. ಬಿಟ್ಟಷ್ಟೇ ಎಳೆಯಬೇಕು, ಇಲ್ಲದಿದ್ದರೆ ಆಗಲೇ ತೆಗೆದ ಕುಣಿತ ಮತ್ತೆ ಬರುತ್ತೆ. ಪ್ರತಿ ಸಲ ಚಕ್ರ ತಿರುಗಿಸಿ ನೋಡಿ ಮುಂದಕ್ಕೆ ಹೋಗಿ. ಕಾಲು ಸುತ್ತಿಗಿಂತ ಜಾಸ್ತಿ ಒಮ್ಮೆಗೇ ಬೇಡ.

ಹೊಸಬರು ಎಡವುವುದು ದಿಕ್ಕಿನಲ್ಲಿ. ಟೈರ್ ಕಡೆಯಿಂದ ನೋಡಿದರೆ ನಿಪ್ಪಲ್ ಬಲಕ್ಕೆ ತಿರುಗಿಸಿದರೆ ಟೈಟ್. ನೀವು ಮೇಲಿನಿಂದ ಬಗ್ಗಿ ಚಕ್ರದ ಕೆಳಭಾಗದ ನಿಪ್ಪಲ್ ಹಿಡಿದಿದ್ದರೆ ಹಬ್ ಕಡೆಯಿಂದ ನೋಡುತ್ತಿದ್ದೀರಿ, ಆಗ ಎಡಕ್ಕೆ ತಿರುಗಿಸಿದರೆ ಟೈಟ್. ಗೊಂದಲ ಬೇಡ ಅಂದರೆ ಕೆಲಸವನ್ನೆಲ್ಲ ಚಕ್ರದ ಒಂದೇ ಜಾಗದಲ್ಲಿ ಮಾಡಿ, ಸ್ಪೋಕನ್ನೇ ಅಲ್ಲಿಗೆ ತಿರುಗಿಸಿ ತನ್ನಿ.

ಗ್ಯಾರೇಜ್ ಹಾಸನ:
ಸರ್ ಹೇಳಿದ್ದು ಸರಿ, ಒಂದು ಸೇರಿಸುತ್ತೇನೆ. ಒಂದೆರಡು ಸುತ್ತಿಗಿಂತ ಜಾಸ್ತಿ ಟೈಟ್ ಮಾಡಿದ ಸ್ಪೋಕ್ ಇದ್ದರೆ ಟೈರ್ ಬಿಚ್ಚಿ ಒಳಗೆ ನೋಡಲೇಬೇಕು. ಸ್ಪೋಕ್ ತುದಿ ನಿಪ್ಪಲ್ ದಾಟಿ ಬಂದಿದ್ದರೆ ಟ್ಯೂಬ್ ಚುಚ್ಚುತ್ತೆ. ಅರದಿಂದ ಉಜ್ಜಿ ಮಟ್ಟ ಮಾಡಿ, ಸ್ಪೋಕ್ ತುದಿ ಮುಚ್ಚುವ ರಿಮ್ ಟೇಪ್ ಹರಿದಿದ್ದರೆ ಹೊಸದು ಹಾಕಿ. ಪಂಕ್ಚರ್ ಅಂಗಡಿಯಲ್ಲಿ ಒಳಗಡೆಯಿಂದ ತೂತಾದ ಟ್ಯೂಬ್ ಬಂದರೆ ನಾವು ಮೊದಲು ಹುಡುಕುವುದೇ ಇದನ್ನು. ರಿಮ್ ಅಂಚು ಕಲ್ಲಿಗೆ ಬಡಿದು ನೆಗ್ಗಿದ್ದರೆ ಅದು ಸ್ಪೋಕಿನಿಂದ ಬರಲ್ಲ, ಅಂಗಡಿಗೇ ಕೊಡಿ.

ಮೂಡಿಗೆರೆಯವನು:
ತುಂಬಾ ಥ್ಯಾಂಕ್ಸ್. ಹಾಲು ಹಾಕಿ ಬಂದು ಕೂತೆ. ಸಡಿಲ ಇದ್ದವು ಒಂದೇ ಕಡೆ ಗುಂಪಾಗಿ ಸಿಕ್ಕವು, ಎಲ್ಲ ಬಲಗಡೆಯವು. ಅವನ್ನು ಸದ್ದು ನೋಡಿ ಟೈಟ್ ಮಾಡಿದ ಮೇಲೆ ಪಕ್ಕದ ಬೆಂಡು ಒಂದು ಕಾರ್ಡಿಗೂ ಕಡಿಮೆ. ನೆಗ್ಗು ಎಲ್ಲೂ ಇಲ್ಲ. ಆದರೆ ಮೇಲೆ ಕೆಳಗೆ ಇನ್ನೂ ಸ್ವಲ್ಪ ಕುಣಿಯುತ್ತೆ, ಒಂದು ಕಾರ್ಡ್ ದಾಟುತ್ತೆ, ಎರಡು ಇಲ್ಲ. ಉಬ್ಬಿರುವ ಜಾಗದ ಎರಡು ನಿಪ್ಪಲ್ ಅಲ್ಲಾಡುತ್ತಲೇ ಇಲ್ಲ. ಜೋರಾಗಿ ತಿರುಗಿಸಲಾ?

ರೋಡ್‌ಕಿಂಗ್ ಮೈಸೂರು:
ಬೇಡ! ಜೋರು ಮಾಡಿದರೆ ಸ್ಪೋಕ್ ತಿರುಚಿ ಮುರಿಯುತ್ತೆ. ಇನ್ನೆರಡು ರಾತ್ರಿ ಎಣ್ಣೆ ಕುಡಿಸಿ. ಆಮೇಲೆ ನಿಪ್ಪಲ್ ತಲೆಗೆ ಹಗುರಾಗಿ ತಟ್ಟಿ, ಮೊದಲು ಒಂಚೂರು ಲೂಸ್ ಕಡೆಗೆ ತಿರುಗಿಸಿ, ಬಂದರೆ ಟೈಟ್ ಮಾಡಿ. ಆಗಲೂ ಬರದಿದ್ದರೆ ಬಿಟ್ಟುಬಿಡಿ. ಎರಡು ಕಾರ್ಡಿಗಿಂತ ಒಳಗಿದೆ, ನಿಮ್ಮ ಸ್ಪೀಡಿಗೆ ಗೊತ್ತೇ ಆಗಲ್ಲ.

ಹ್ಯಾಂಡಲ್ ಇನ್ನೂ ನಡುಗಿದರೆ ಸ್ಪೋಕ್ ಹಿಂದೆ ಬೀಳಬೇಡಿ, ಹ್ಯಾಂಡಲ್ ಬುಡದ ಬೇರಿಂಗ್, ಅಂದರೆ ಸ್ಟೀರಿಂಗ್ ಕೋನ್ ಸೆಟ್, ನೋಡಿಸಿ. ಅಂಥ ಗುಂಡಿಗೆ ಅದೂ ಏಟು ತಿಂದಿರುತ್ತೆ.

ಮೂಡಿಗೆರೆಯವನು:
ನಡುಕ ಹೋಗಿದೆ ಸರ್. ನಿಪ್ಪಲ್ ಕೀ, ಡಬ್ಲ್ಯುಡಿ-40 ಎರಡೂ ಸೇರಿ ಐನೂರರ ಒಳಗೇ ಮುಗಿಯಿತು. ಹಿಂದಿನ ವೀಲೂ ಹೀಗೇ ಮಾಡಬಹುದಾ?

ರೋಡ್‌ಕಿಂಗ್ ಮೈಸೂರು:
ಮಾಡಬಹುದು, ಆದರೆ ಚೈನ್ ಬಿಚ್ಚಿ. ಇಂಜಿನ್ ಸ್ಟಾರ್ಟ್ ಮಾಡಿ ಗೇರಿನಲ್ಲಿ ಚಕ್ರ ತಿರುಗಿಸುವ ಬುದ್ಧಿವಂತಿಕೆ ಬೇಡ, ಬೆರಳು ಹೋಗುತ್ತೆ. ಹಿಂದಿನ ರಿಮ್ ಹಬ್ಬಿನ ನಟ್ಟ ನಡುವೆಯೇ ಇರಬೇಕು ಅಂತೇನಿಲ್ಲ. ಈಗ ಎಷ್ಟು ಓರೆ ಇದೆ ಅಂತ ಪಟ್ಟಿ ಇಟ್ಟು ಅಳೆದು ಬರೆದಿಟ್ಟುಕೊಂಡೇ ಶುರು ಮಾಡಿ. ಮುಂದಿನದನ್ನು ವಾರ ಬಿಟ್ಟು ಇನ್ನೊಮ್ಮೆ ತಟ್ಟಿ ನೋಡಿ, ಹೊಸದಾಗಿ ಎಳೆದ ಸ್ಪೋಕ್ ಒಂದು ಸಲ ಸಡಿಲ ಬಿಡುತ್ತೆ.